ಭಾನುವಾರದ ಚರ್ಚೆ: ಹೊಗಳೋಣ, ತೆಗಳೋಣ, ಆದರೆ ಲೆಕ್ಕ ಇಟ್ಟು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ಗ್ರಂಥಾಲಯದ ಮಹಡಿಯಲ್ಲಿ ನಮ್ಮ ತಿಂಗಳ ಚರ್ಚೆ ಇದೆ. ವಿಷಯ: ನಮ್ಮ ರಾಜ್ಯದ ಮುಖ್ಯಮಂತ್ರಿಗಳು ಮಾಡಿದ ಒಳ್ಳೆಯದು, ಕೆಟ್ಟದ್ದು. ಮಾತಾಡುವವರಿಗೆ ತಲಾ 6 ನಿಮಿಷ.

ಕಳೆದ ಸಲ ಏನಾಯ್ತು ನೆನಪಿದೆ ಅಲ್ವಾ? ಇಬ್ಬರು ಫಾರ್ವರ್ಡ್ ಮೆಸೇಜ್ ಓದುತ್ತಾ ಜಗಳಕ್ಕೆ ನಿಂತರು, ಫ್ಲಾಸ್ಕಿನ ಚಹಾ ಹಾಗೇ ಆರಿಹೋಯ್ತು. ಅದಕ್ಕೇ ಈ ಸಲ ಒಂದೇ ನಿಯಮ. ಯಾರನ್ನು ಹೊಗಳುತ್ತೀರೋ ಅವರದೇ ಒಂದು ತಪ್ಪನ್ನೂ ಹೇಳಬೇಕು. ಬೈಯುವವರು ಒಂದು ಒಳ್ಳೆ ಕೆಲಸ ಹೇಳಬೇಕು.

ಉದಾಹರಣೆಗೆ ರಾಮಕೃಷ್ಣ ಹೆಗಡೆ. 1984ರ ಲೋಕಾಯುಕ್ತ ಕಾಯ್ದೆ ಅವರ ಕಾಲದ್ದು. ಅದೇ ಹೆಗಡೆ 1988ರಲ್ಲಿ ಫೋನ್ ಕದ್ದಾಲಿಕೆ ಆರೋಪದ ಮೇಲೆ ಕುರ್ಚಿ ಬಿಟ್ಟರು. ದೇವರಾಜ ಅರಸು 1974ರ ಭೂ ಸುಧಾರಣೆಯಿಂದ ಗೇಣಿದಾರರಿಗೆ ಜಮೀನು ಕೊಡಿಸಿದರು, ತುರ್ತು ಪರಿಸ್ಥಿತಿಯಲ್ಲಿ ಇಂದಿರಾ ಪರ ನಿಂತವರೂ ಅವರೇ. ಲೋಕಾಯುಕ್ತದ ಕಥೆ ಮುಂದುವರಿಸುವವರು 2011ರ ಅಕ್ರಮ ಗಣಿಗಾರಿಕೆ ವರದಿ, ಯಡಿಯೂರಪ್ಪನವರ ರಾಜೀನಾಮೆ, 2016ರಲ್ಲಿ ಸಿದ್ದರಾಮಯ್ಯ ಸರ್ಕಾರ ತಂದ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ), 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು, ಎಲ್ಲವನ್ನೂ ತನ್ನಿ. ಯಾವ ಪಕ್ಷವೂ ತಪ್ಪಿಸಿಕೊಳ್ಳುವುದಿಲ್ಲ, ನನಗೆ ಅದೇ ಖುಷಿ.

ಜಾತಿ, ಮನೆಯವರ ವಿಷಯ, ವೇಷಭೂಷಣ ಬೇಡ. ಸುಮ್ನೆ ಹೊತ್ತು ಹೋಗುತ್ತೆ.

ಮಾತಾಡುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ಆರಿಸಿಕೊಂಡ ಮುಖ್ಯಮಂತ್ರಿ ಯಾರು ಅಂತ ಇಲ್ಲೇ ಬರೆಯಿರಿ. ಕೇಳೋಕಷ್ಟೇ ಬರುವವರು ಒಂದು 👍 ಹಾಕಿ, ಕುರ್ಚಿ ಎಷ್ಟು ಬೇಕು ಗೊತ್ತಾಗುತ್ತೆ. ಚಹಾಕ್ಕೆ ತಲಾ 20 ರೂಪಾಯಿ, ಚಿಲ್ಲರೆ ತನ್ನಿ.