ಯುದ್ಧ ಬೇಡ ಅನ್ನೋ ಅಳಿಯನಿಗೆ

ಕೋಲಾರ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಟೊಮೆಟೊ ಸೀಸನ್ ಜೋರಾಗಿದೆ, ಮಂಡಿಯಿಂದ ಮನೆ ಸೇರುವಷ್ಟರಲ್ಲಿ ಸಾಕಾಗಿ ಹೋಗುತ್ತೆ. ಅದಕ್ಕೇ ಉತ್ತರ ತಡವಾಯಿತು.

ಎಂಡ್‌ಲೆಸ್ ಲೆಜೆಂಡ್ ಹಾಕಿಕೊಂಡಿದ್ದೀಯ, ಸಂತೋಷ. 2014ರ ರಾಜ್ಯ ಕಟ್ಟೋ ಕಂಪ್ಯೂಟರ್ ಆಟ, ಆದರೂ ನನಗೆ ಇನ್ನೂ ಬೇಜಾರಾಗಿಲ್ಲ. ನೀನು ಕೇಳಿರೋದು ರೋವಿಂಗ್ ಕ್ಲಾನ್ಸ್ ಅನ್ನೋ ವ್ಯಾಪಾರಿ ಪಕ್ಷದ ಬಗ್ಗೆ. "ಅವರಿಗೆ ಯುದ್ಧ ಸಾರೋಕೇ ಆಗಲ್ವಂತೆ ಮಾವ, ಶಾಂತಿಯಿಂದ ರಾಜ್ಯ ಕಟ್ಟೋಕೆ ಅವರೇ ಸರಿ ಅಲ್ವಾ?" ಅಂತ ಬರೆದಿದ್ದೀಯ. ಅಲ್ಲ ಕಣೋ. ನೀನು ಯುದ್ಧ ಸಾರೋ ಹಾಗಿಲ್ಲ, ಸರಿ. ಪಕ್ಕದವನಿಗೆ ಆ ಕಟ್ಟುಪಾಡು ಇಲ್ಲವಲ್ಲ! ಅವನು ಸಾರಿದ ದಿನ ನೀನೂ ಯುದ್ಧದಲ್ಲಿ ಇರುತ್ತೀಯ, ಬೇಕೋ ಬೇಡವೋ.

ಕ್ಲಾನ್ಸ್ ಕಂಡರೆ ನನಗೂ ಪ್ರೀತಿಯೇ. ಮಾರ್ಕೆಟ್‌ನಲ್ಲಿ ಯಾರು ಏನು ವ್ಯಾಪಾರ ಮಾಡಿದರೂ ಅವರಿಗೊಂದು ಪಾಲು ಬರುತ್ತೆ, ಥೇಟ್ ನಮ್ಮ ಮಂಡಿ ಕಮಿಷನ್ ಹಾಗೆ. ಬೇಡದವನನ್ನು ಮಾರ್ಕೆಟ್ಟಿಂದಲೇ ಹೊರಗೆ ಹಾಕಬಹುದು. ದೊಡ್ಡ ಜೀರುಂಡೆ ಬೆನ್ನ ಮೇಲೆ ಊರನ್ನೇ ಹೊತ್ತುಕೊಂಡು ಇನ್ನೊಂದು ಕಡೆ ಹೋಗಬಹುದು. ಆದರೆ ಕಮಿಷನ್ ಬರಬೇಕಾದರೆ ಮೊದಲು ಬೇರೆಯವರ ಕೈಯಲ್ಲಿ ದುಡ್ಡು ಓಡಾಡಬೇಕು. ಆಟದ ಶುರುವಿನಲ್ಲಿ ಎಲ್ಲರೂ ಬರಿಗೈ. ಅವರನ್ನು ಎರಡನೇ ಆಟಕ್ಕೆ ಇಟ್ಟುಕೋ.

ಮೊದಲ ಆಟಕ್ಕೆ ಡ್ರಾಕನ್ ತಗೋ. ಡ್ರ್ಯಾಗನ್ ಜನ, ನೋಡೋಕೆ ಭಯಂಕರ, ಕೆಲಸ ಮಾತ್ರ ರಾಜಿ ಪಂಚಾಯ್ತಿ. ಈ ಆಟದಲ್ಲಿ ಎಲ್ಲರೂ ಶೀತಲ ಸಮರದಿಂದ ಶುರು ಮಾಡುತ್ತಾರೆ. ಯುದ್ಧ ಸಾರದೇ ಇದ್ದರೂ ಯಾರಿಗೂ ಸೇರದ ಜಾಗದಲ್ಲಿ ಒಬ್ಬರ ದಂಡಿನ ಮೇಲೆ ಇನ್ನೊಬ್ಬರು ಬೀಳಬಹುದು. ಬೇರೆ ಪಕ್ಷದವರು ಶಾಂತಿ ಬೇಕು ಅಂದರೆ ಎದುರಿನವನು ಒಪ್ಪಬೇಕು. ಡ್ರಾಕನ್‌ಗೆ ಆ ಕಾಯುವಿಕೆ ಇಲ್ಲ. ಇನ್‌ಫ್ಲುಯೆನ್ಸ್ ಅನ್ನೋ ರಾಜತಾಂತ್ರಿಕ ಬಂಡವಾಳ ಖರ್ಚು ಮಾಡಿ, ಅವನಿಗೆ ಇಷ್ಟ ಇಲ್ಲದಿದ್ದರೂ ಶಾಂತಿ ಹೇರಬಹುದು. ಬಲವಂತದ ಶಾಂತಿ ಅಂತ ನಗಬೇಡ, ಅದೂ ಶಾಂತಿಯೇ. ಶಾಂತಿಯಾದ ಮೇಲೆ ವ್ಯಾಪಾರದ ಒಪ್ಪಂದ, ಸಂಶೋಧನೆಯ ಒಪ್ಪಂದ ಒಂದೊಂದಾಗಿ ಕುದುರಿಸು. ಡಿಪ್ಲೊಮೆಸಿ ಗೆಲುವು ಆಪ್ಷನ್‌ನಲ್ಲಿ ಟಿಕ್ ಆಗಿದೆಯಾ ಅಂತ ಮೊದಲೇ ನೋಡಿಕೋ. ಶಾಂತಿ, ಮೈತ್ರಿಯಿಂದ ಬರುವ ಪಾಯಿಂಟ್ಸ್ ಅದಕ್ಕೇ ಸೇರುತ್ತವೆ.

ಅಸಲು ವಿಷಯ ಆ ಇನ್‌ಫ್ಲುಯೆನ್ಸ್. ಡಸ್ಟ್, ಅಂದರೆ ಈ ಆಟದ ದುಡ್ಡು, ಹೇಗಾದರೂ ಹುಟ್ಟುತ್ತೆ, ಇದು ಹಾಗಲ್ಲ. ಊರು ಹೆಚ್ಚಾದಂತೆ ಇದರ ಖರ್ಚೂ ಏರುತ್ತೆ. 20 ಟರ್ನ್‌ಗೊಮ್ಮೆ ಇಡೀ ರಾಜ್ಯಕ್ಕೆ ಅನುಕೂಲಗಳನ್ನು ಆರಿಸಿಕೊಳ್ಳೋ ಎಂಪೈರ್ ಪ್ಲ್ಯಾನ್‌ಗೂ ಇದೇ ಬೇಕು, ಪಕ್ಕದವನ ಬಾಯಿ ಮುಚ್ಚಿಸೋಕೂ ಇದೇ ಬೇಕು. ಒಂದು ಪ್ರಾಂತ್ಯಕ್ಕೆ ಒಂದೇ ಊರು ಅನ್ನೋದು ಇಲ್ಲಿಯ ನಿಯಮ. ಖಾಲಿ ಪ್ರಾಂತ್ಯ ಕಂಡಲ್ಲೆಲ್ಲ ಊರು ಕಟ್ಟುತ್ತಾ ಹೋದರೆ ಪ್ಲ್ಯಾನ್ ಹಾಕೋ ಟರ್ನ್‌ನಲ್ಲಿ ಕೈಯಲ್ಲಿ ಏನೂ ಇರಲ್ಲ. ಎರಡು ಮೂರು ಊರು ಗಟ್ಟಿಯಾದ ಮೇಲೆ ಮುಂದಿನದು.

ಊರೊಳಗೆ ಬಡಾವಣೆ ಹಾಕುವಾಗ ಆತುರ ಬೇಡ. ಪ್ರತಿ ಹೊಸ ಬಡಾವಣೆಗೂ ಜನರ ಸಮಾಧಾನ ಕಡಿಮೆಯಾಗುತ್ತೆ. ಒಂದು ಬಡಾವಣೆಗೆ ಅದೇ ಊರಿನ ಬೇರೆ ನಾಲ್ಕು ಭಾಗ ಅಂಟಿಕೊಂಡರೆ ಅದು ಎರಡನೇ ಹಂತಕ್ಕೆ ಏರುತ್ತೆ, ಆಗ ಸಮಾಧಾನ ವಾಪಸ್ ಬರುತ್ತೆ. ಹಾಗಾಗಿ ಒಂಟಿ ಸಾಲಾಗಿ ಎಳೆಯಬೇಡ, ಒತ್ತೊತ್ತಾಗಿ ಕಟ್ಟು. ನಿನ್ನ ಪ್ರಾಂತ್ಯದಲ್ಲಿರೋ ಸಣ್ಣ ಜನಾಂಗದ ಹಳ್ಳಿಗಳನ್ನು ಸುಡಲೇಬೇಡ. ಅವರು ಹೇಳಿದ ಕೆಲಸ ಮಾಡಿಕೊಟ್ಟು ಒಲಿಸಿಕೋ. ನಿನ್ನ ರಾಜ್ಯದ ಮೇಲೆ ದಂಡು ಕಳಿಸೋದು ನಿಲ್ಲಿಸಿ, ನಿನಗೇ ಆಸರೆಯಾಗುತ್ತಾರೆ.

ಉಳಿದವರ ಬಗ್ಗೆ ಬೇಗ ಹೇಳಿಬಿಡ್ತೀನಿ. ವೈಲ್ಡ್ ವಾಕರ್ಸ್ ಒಳ್ಳೆಯವರು, ಆದರೆ ಸುತ್ತ ಕಾಡು ಸಿಗಬೇಕು. ವಾಲ್ಟರ್ಸ್ ವಿಜ್ಞಾನದವರು, ಓದೋ ಹುಡುಗರಿಗೆ ಹಿಡಿಸುತ್ತಾರೆ. ಕಲ್ಟಿಸ್ಟ್ಸ್‌ಗೆ ಇಡೀ ಆಟಕ್ಕೆ ಒಂದೇ ಊರು, ನಿನಗೆ ಕಟ್ಟೋ ಖುಷಿ ಸಿಗಲ್ಲ. ಬ್ರೋಕನ್ ಲಾರ್ಡ್ಸ್ ಅನ್ನ ತಿನ್ನಲ್ಲ, ಜನಸಂಖ್ಯೆಯನ್ನೂ ಡಸ್ಟ್ ಕೊಟ್ಟೇ ಹೆಚ್ಚಿಸಬೇಕು. ಲೆಕ್ಕದಲ್ಲಿ ಗಟ್ಟಿ ಇದ್ದರೆ ಮಾತ್ರ ಮುಟ್ಟು. ನೆಕ್ರೋಫೇಜ್ ಹೆಸರೇ ಎತ್ತಬೇಡ, ಶಾಂತಿ ಕೇಳೋ ಹಕ್ಕೇ ಅವರಿಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗಡಿ ಊರಲ್ಲಿ ಒಂದು ದಂಡು ಇಟ್ಟಿರು, ಅದಕ್ಕೆ ಒಬ್ಬ ಹೀರೋನನ್ನೂ ಹಾಕು. ಬಲ ಇಲ್ಲದವನ ಗಡಿ ಮೇಲೆ ಎಲ್ಲರ ಕಣ್ಣೂ ಬೀಳುತ್ತೆ. ಚಳಿಗಾಲದಲ್ಲಿ ಆಹಾರ, ಡಸ್ಟ್ ಎರಡೂ ಇಳಿಯುತ್ತವೆ, ನಡಿಗೆಯೂ ನಿಧಾನ. ಆಟ ಮುಂದುವರಿದಂತೆ ಚಳಿಗಾಲ ಉದ್ದವಾಗುತ್ತಾ ಹೋಗುತ್ತೆ. ಬೇಸಿಗೆಯಲ್ಲೇ ಸ್ವಲ್ಪ ಕೂಡಿಡು.

ರಾಜಧಾನಿ ಕಟ್ಟಿದ ಮೇಲೆ ಒಂದು ಫೋಟೋ ವಾಟ್ಸಾಪ್ ಮಾಡು, ಜಾಗ ಹೇಗಿದೆ ನೋಡಿ ಹೇಳ್ತೀನಿ. ಮಧ್ಯಾಹ್ನದ ಹೊತ್ತು ಫೋನ್ ಮಾಡಬೇಡ, ಹರಾಜಿನ ಗಲಾಟೆಯಲ್ಲಿ ಏನೂ ಕೇಳಲ್ಲ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ