ಈ ಸಲ ಹೀರೋ ಬೇಡ, ಮುದ್ದೇಶನನ್ನ ಕರೆಸೋಣ

ರಾಜ್ಯೋತ್ಸವಕ್ಕೆ ಯಾರನ್ನು ಕರೆಸೋಣ ಅನ್ನೋ ಚರ್ಚೆ ನಮ್ಮ ಸಂಘದಲ್ಲಿ ಪ್ರತಿ ವರ್ಷ ಒಂದೇ ಥರ ನಡೆಯುತ್ತದೆ. ಒಂದಿಬ್ಬರು ಹೀರೋಗಳ ಹೆಸರು ಬರುತ್ತದೆ. ಅವರ ಡೇಟ್ ಸಿಗುವುದಿಲ್ಲ, ಸಿಕ್ಕರೂ ಜೊತೆಗೆ ಎಷ್ಟು ಜನ ಬರ್ತಾರೆ, ಟಿಕೆಟ್ ಯಾವ ಕ್ಲಾಸು ಅಂತ ಗೊತ್ತಾದ ಮೇಲೆ ಖಜಾಂಚಿಗಳು ಮಾತೇ ಆಡುವುದಿಲ್ಲ. ಈ ಸಲ ನಾನು ನಟ ಮಂಡ್ಯ ರಮೇಶ್ ಅಂದೆ. "ಯಾರು, ಮಜಾ ಟಾಕೀಸ್ ಮುದ್ದೇಶನಾ?" ಅಂತ ಒಬ್ಬರು ಆ ಟೀವಿ ಕಾಮಿಡಿ ಶೋನಲ್ಲಿನ ಅವರ ಪಾತ್ರದ ಹೆಸರು ಹೇಳಿ ನಕ್ಕರು. ನಗಲಿ, ಪರವಾಗಿಲ್ಲ. ಆದರೆ ಅವರು ಅಷ್ಟೇ ಅಂದುಕೊಂಡರೆ ಮೈಸೂರಿನವನಾದ ನನಗೆ ಸ್ವಲ್ಪ ಉರಿಯುತ್ತದೆ.

ಕಳೆದ ಸಲ ಊರಿಗೆ ಹೋಗಿದ್ದಾಗ ಅಕ್ಕನ ಮಗಳು ರಾಮಕೃಷ್ಣನಗರದ ‘ನಟನ’ಕ್ಕೆ ಎಳೆದುಕೊಂಡು ಹೋದಳು. ಅದು ರಮೇಶ್ ಕಟ್ಟಿದ ರಂಗಶಾಲೆ. ನಾನು ಹೋಗಿದ್ದು ಮುದ್ದೇಶನನ್ನು ಹತ್ತಿರದಿಂದ ನೋಡೋ ಆಸೆಗೆ, ಅವತ್ತು ರಂಗದ ಮೇಲಿದ್ದವರು ಮಾತ್ರ ಹುಡುಗ ಹುಡುಗಿಯರು. ಅದರಲ್ಲೊಬ್ಬ ಕಾವಲುಗಾರ, ಇಡೀ ನಾಟಕದಲ್ಲಿ ಎರಡೇ ಮಾತು, ಆದರೆ ರಾಜ ಮಾತಾಡುವಾಗ ಅವನು ಸುಮ್ನೆ ನಿಂತಿರಲಿಲ್ಲ, ನಿಜವಾಗಿ ಕೇಳಿಸಿಕೊಳ್ಳುತ್ತಿದ್ದ. ನನ್ನ ಕಣ್ಣು ರಾಜನನ್ನು ಬಿಟ್ಟು ಮತ್ತೆ ಮತ್ತೆ ಅವನ ಕಡೆಗೇ ಹೋಗುತ್ತಿತ್ತು.

ಮನೆಗೆ ಬಂದು ಮಜಾ ಟಾಕೀಸ್‌ನ ಹಳೇ ಎಪಿಸೋಡ್ ಹಾಕಿ ನೋಡಿದೆ. ಮುದ್ದೇಶ ಮಾತಾಡುವಾಗ ಅಲ್ಲ, ಪಕ್ಕದವರು ಮಾತಾಡುವಾಗ ಮುದ್ದೇಶನ ಮುಖ ನೋಡಿ. ಅದೇ ಕೇಳಿಸಿಕೊಳ್ಳುವಿಕೆ! ಆ ಶೋನಲ್ಲಿ ನನಗೆ ಗಲಾಟೆ ಜಾಸ್ತಿ ಅನ್ನಿಸಿದ್ದೂ ಉಂಟು, ಆದರೆ ಈ ಮನುಷ್ಯ ಅವಸರ ಮಾಡುವುದಿಲ್ಲ.

ಇದು ಟೀವಿಯಲ್ಲಿ ಕಲಿತದ್ದಲ್ಲ. ರಮೇಶ್ ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವರು, ಆಮೇಲೆ ಮೈಸೂರಿನ ರಂಗಾಯಣ. 1989ರಲ್ಲಿ ಬಿ.ವಿ. ಕಾರಂತರು ಕಲಾಮಂದಿರದ ಆವರಣದಲ್ಲಿ ಶುರು ಮಾಡಿದ ರೆಪರ್ಟರಿ, ಅಂದರೆ ಕಾಯಂ ನಟರ ನಾಟಕ ತಂಡ ಅದು. ರೆಪರ್ಟರಿಯಲ್ಲಿ ಇವತ್ತಿನ ನಾಟಕದ ರಾಜ ನಾಳಿನ ನಾಟಕದಲ್ಲಿ ಮೇಳದ ಹಿಂದಿನ ಸಾಲಿನಲ್ಲಿ ನಿಂತು ಹಾಡುತ್ತಾನೆ, ಸೆಟ್ ಹೊರುತ್ತಾನೆ. ಸಣ್ಣ ಪಾತ್ರ ಅಂತ ಮುಖ ಊದಿಸಿಕೊಂಡರೆ ಅಲ್ಲಿ ನಡೆಯುವುದಿಲ್ಲ.

ಸಿನಿಮಾಕ್ಕೆ ಬಂದದ್ದು ನಾಗಾಭರಣರ ‘ಜನುಮದ ಜೋಡಿ’ಯಿಂದ, 1996ರಲ್ಲಿ. ಮರುವರ್ಷ ‘ನಾಗಮಂಡಲ’. ಅಲ್ಲಿಂದ ಮುಂದೆ ಹೀರೋ ಗೆಳೆಯ, ಮನೆ ಆಳು, ಮಾವ, ಊರ ಗೌಡ, ಎಷ್ಟೋ ವೇಷ. ಜೊತೆಗೆ ಧಾರಾವಾಹಿಗಳು. ನಾಟಕಕ್ಕೆ ವಾರಗಟ್ಟಲೆ ತಾಲೀಮು ಇರುತ್ತದೆ, ಧಾರಾವಾಹಿಯಲ್ಲಿ ಎಷ್ಟೋ ಸಲ ಸೀನ್ ಪೇಪರ್ ಕೈಗೆ ಸಿಗೋದೇ ಮೇಕಪ್ ಹಾಕಿಸಿಕೊಳ್ಳುವಾಗ. ಎರಡನ್ನೂ ನಿಭಾಯಿಸೋದು ಬೇರೆಯೇ ಕಸರತ್ತು, ಅಲ್ವಾ? ನಮ್ಮ ಸಿನಿಮಾದವರು ಅವರನ್ನು ಅರ್ಧ ಮಾತ್ರ ಬಳಸಿಕೊಂಡರು ಅಂತ ನನ್ನ ತಕರಾರು. ನಗಿಸುವವರು ಅಂತ ಒಮ್ಮೆ ಹಣೆಪಟ್ಟಿ ಅಂಟಿತೋ, ಅಳಿಸೋ ಪಾತ್ರ ಯಾರೂ ಕೊಡುವುದಿಲ್ಲ.

ನಮ್ಮಮ್ಮನಿಗೆ ಈ ಲೆಕ್ಕವೆಲ್ಲ ಬೇಡ. "ಅವ್ರು ಟೀವೀಲಿ ಬಂದ್ರೆ ನಮ್ ಬೀದಿಯೋರೇ ಬಂದಂಗಾಯ್ತದೆ ಕಣೋ" ಅಂದಳು.

ಕರೆಸೋದು ಅಂದರೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಸೆಲ್ಫಿ ತೆಗೆದುಕೊಂಡು ಕಳಿಸೋದಲ್ಲ. ‘ನಟನ’ದಲ್ಲಿ ಮಕ್ಕಳಿಗೆ ರಜಾ ಶಿಬಿರ ನಡೆಸುತ್ತಾರೆ, ಅಂಥದ್ದೇ ಎರಡು ದಿನದ್ದು ನಮ್ಮ ಮಕ್ಕಳಿಗೂ ಮಾಡಿಸೋಣ. ಪ್ರತಿ ಸಲ ಮಕ್ಕಳ ನಾಟಕದಲ್ಲಿ ಕೆಂಪೇಗೌಡ ಯಾರಾಗಬೇಕು ಅಂತ ಅಪ್ಪ ಅಮ್ಮಂದಿರೇ ಜಗಳ ಆಡ್ತೀವಲ್ಲ, ಮೊದಲು ನಮ್ಮನ್ನೇ ಆ ಶಿಬಿರದಲ್ಲಿ ಕೂರಿಸಬೇಕು.

ಅವರು ಬರುತ್ತಾರೋ ಇಲ್ಲವೋ, ಇನ್ನೂ ಕೇಳಿಲ್ಲ. ಮೊದಲು ಸಮಿತಿ ಒಪ್ಪಬೇಕು. ಖಜಾಂಚಿಗಳು ಆಗಲೇ ನನ್ನ ಕಡೆ. ಹೀರೋ ಪಕ್ಷದವರು ಇನ್ನೂ ನಾಲ್ಕು ಜನ ಇದ್ದಾರೆ. ಶನಿವಾರದ ಸಭೆಗೆ ಬಂದು ಕೈ ಎತ್ತಿ, ಕಾಫಿ ನನ್ನದು.