ದಸರಾದಿಂದ ವರ್ಷದ ಕರಾರು ಇಲ್ಲ: ಹಳೆ ಗಾಡಿ ಇಟ್ಟುಕೊಂಡವರಿಗೆ ನಮ್ಮ ಗ್ಯಾರೇಜಿನ ಪತ್ರ

ಎಲ್ಲರಿಗೂ ಶರಣು ಶರಣಾರ್ಥಿ.

ಸುತ್ತು ಬಳಸದೆ ಹೇಳಿಬಿಡುತ್ತೇವೆ. ಪ್ರತಿ ವರ್ಷ ಬನ್ನಿ ಕೊಟ್ಟು ತಗೊಳ್ಳುವ ದಿನ ನೀವು 9,000 ರೂಪಾಯಿ ಕೊಟ್ಟು ಹೋಗುತ್ತಿದ್ದಿರಿ. ಮುಂದಿನ ದಸರಾದ ತನಕ ನಿಮ್ಮ ಗಾಡಿ ಎಷ್ಟು ಸಲ ಬಂದರೂ ಕೂಲಿ, ಆಯಿಲ್, ಗ್ರೀಸ್ ನಮ್ಮದು, ಸಾಮಾನಿನ ರೊಕ್ಕ ಮಾತ್ರ ನಿಮ್ಮದು ಎಂಬ ಮಾತಿತ್ತು. ಆ ಕರಾರನ್ನು ಈ ದಸರಾದಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಕೆಲಸ ಮಾಡಿದಷ್ಟು ಗಂಟೆಗೆ ಬಿಲ್. ಗಂಟೆಗೆ 300 ರೂಪಾಯಿ. ಆಯಿಲ್, ಗ್ರೀಸ್ ಬೇರೆ. ಇದರ ಜೊತೆಗೆ ಹೊಸದೊಂದನ್ನು ಶುರು ಮಾಡುತ್ತಿದ್ದೇವೆ. ಭಾನುವಾರ ನಿಮ್ಮ ಗಾಡಿಯ ಕೆಲಸವನ್ನು ನೀವೇ ಮಾಡಿಕೊಳ್ಳಬಹುದು. ಜಾಗ, ಗಾಡಿಯ ಕೆಳಗೆ ನಿಂತು ಕೆಲಸ ಮಾಡುವ ಕುಳಿ, ಪಾನಾ (ಸ್ಪ್ಯಾನರ್) ನಮ್ಮದು. ಅದರ ವಿಷಯ ಕೆಳಗೆ ಬರೆದಿದ್ದೇನೆ.

ಕರಾರು ಯಾಕೆ ಬಿಟ್ಟಿರಿ ಎಂದು ಕೇಳುವುದು ನಿಮ್ಮ ಹಕ್ಕು. ಲೆಕ್ಕ ಬರೆಯುವವನು ನಾನು, ಪಾನಾ ಹಿಡಿಯುವವರು ನಮ್ಮ ಮೆಕ್ಯಾನಿಕ್ ಚಾಚಾ. ಚಾಚಾ ಎಂದೂ ಗಡಿಯಾರ ನೋಡಿದವರಲ್ಲ. ಹೋದ ದಸರಾ ಮುಗಿದ ಮರುದಿನ ನಾನೇ ಒಂದು ರಿಜಿಸ್ಟರ್ ಇಟ್ಟು, ಯಾವ ಗಾಡಿಯ ಮೇಲೆ ಎಷ್ಟು ಹೊತ್ತು ಹೋಯಿತು ಎಂದು ಬರೆಯಲು ಶುರು ಮಾಡಿದೆ. ಕರಾರಿನ ಗಾಡಿಗಳು 14. ಅವುಗಳಲ್ಲಿ ಒಂದು ಅಂಬಾಸಿಡರ್ ಒಂದೇ ವರ್ಷದಲ್ಲಿ 61 ಗಂಟೆ ತಿಂದಿತ್ತು. ಒಂದು ಪ್ರೀಮಿಯರ್ ಪದ್ಮಿನಿ ಕಾರು 11 ಗಂಟೆ. ಇಬ್ಬರೂ ಕೊಟ್ಟದ್ದು ಅದೇ 9,000. ಹೊಸ ಲೆಕ್ಕದಲ್ಲಿ ಪದ್ಮಿನಿಯವರ ಕೂಲಿ 3,300ಕ್ಕೆ ಮುಗಿಯುತ್ತಿತ್ತು, ಅಂಬಾಸಿಡರಿನವರದು 18,300 ಆಗುತ್ತಿತ್ತು. ಅಂದರೆ ಗಾಡಿಯನ್ನು ಜೋಪಾನ ಮಾಡಿದವರಿಂದ ತಗೊಂಡು, ಮಾಡದವರಿಗೆ ಹಂಚುತ್ತಿದ್ದೆವು. ನಮಗೇ ಗೊತ್ತಾಗದೆ ನಡೆದ ಅನ್ಯಾಯ ಇದು. ಅಂಬಾಸಿಡರಿನವರು ಈ ಪತ್ರ ಓದಿ ಮುಖ ಸಪ್ಪಗೆ ಮಾಡಿಕೊಳ್ಳಬಾರದು. ಅವರ ಗಾಡಿಯ ತಪ್ಪೂ ಅಲ್ಲ ಅದು. ವಯಸ್ಸಾದ ಗಾಡಿ.

"ಒಂದು ರಬ್ಬರ್ ಹಾಕ್ಲಾಕ ಇಷ್ಟು ರೊಕ್ಕ ಏನ್ರಿ?" ಎಂದು ಕೇಳುವವರಿಗಾಗಿ ಒಂದೇ ಕೆಲಸವನ್ನು ಬಿಡಿಸಿ ಹೇಳುತ್ತೇನೆ. ಅದೇ ಅಂಬಾಸಿಡರ್, ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಪದರ, ಸುಟ್ಟಿತ್ತು. ಗ್ಯಾಸ್ಕೆಟ್ ಅಂಥ ತುಟ್ಟಿ ಸಾಮಾನಲ್ಲ. ಆದರೆ ಕಲಬುರಗಿಯಲ್ಲಿ ಸಿಗಲಿಲ್ಲ. ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದೆ. ಈಗ ಸಿಗುವುದು ಉಳಿದ ಹಳೆ ಮಾಲು, ಇಲ್ಲವೇ ಡುಪ್ಲಿಕೇಟ್. ನಮ್ಮ ಹುಡುಗ ಬೆಳಗ್ಗೆ ರೈಲಿಗೆ ಸೊಲ್ಲಾಪುರಕ್ಕೆ ಹೋದ, ಖಾಲಿ ಕೈಲಿ ರಾತ್ರಿ ಬಂದ. ಮರುದಿನ ಹೈದರಾಬಾದಿನ ಅಂಗಡಿಗೆ ಫೋನ್ ಮಾಡಿ ಬಸ್ಸಿನಲ್ಲಿ ಪಾರ್ಸೆಲ್ ತರಿಸಿದೆವು. ಬಂದದ್ದು ಡೀಸೆಲ್ ಎಂಜಿನ್ನಿನ ಗ್ಯಾಸ್ಕೆಟ್. ವಾಪಸ್ ಕಳಿಸಿ, ಕಡೆಗೆ ಕೋಲ್ಕತ್ತದ ಮಲ್ಲಿಕ್ ಬಜಾರಿನಿಂದ ಬಂತು. ಹೆಡ್ ಬಿಚ್ಚುವಾಗ ಅದನ್ನು ಬಿಗಿದಿಡುವ ಒಂದು ಸ್ಟಡ್ ತುಂಡಾಯಿತು. ಆ ತುಂಡನ್ನು ಬ್ಲಾಕಿನಿಂದ ತೆಗೆಯಲು ಚಾಚಾಗೆ ಅರ್ಧ ದಿನ ಬೇಕಾಯಿತು. ಹೆಡ್ ಡೊಂಕಾಗಿತ್ತು, ಲೇತಿನವರ ಹತ್ತಿರ ಮಟ್ಟ ಮಾಡಿಸಿದೆವು. ಕೂಡಿಸಿ, ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದ ಸಂದು) ಇಟ್ಟು, ಗಾಡಿ ಕೊಟ್ಟ ಮೇಲೂ ಕೆಲಸ ಮುಗಿಯಲಿಲ್ಲ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಟ್ಯಾಪೆಟ್ ಮತ್ತೆ ನೋಡಬೇಕು. ಅದೊಂದು ಕೆಲಸಕ್ಕೆ ರಿಜಿಸ್ಟರಿನಲ್ಲಿ 23 ಗಂಟೆ. ಹುಡುಗನ ಸೊಲ್ಲಾಪುರದ ದಿನವನ್ನು ನಾನು ಅದರಲ್ಲಿ ಬರೆದಿಲ್ಲ.

ಹಳೆ ಗಾಡಿಯ ಖರ್ಚು ಎಂದರೆ ಮುಕ್ಕಾಲು ಪಾಲು ಇದೇ: ಹುಡುಕಾಟ, ಬಿಚ್ಚುವಾಗ ಮುರಿಯುವುದು, ಎರಡನೇ ಸಲ ಮಾಡುವುದು. ಸಾಮಾನಿನ ಚೀಟಿ ನೋಡಿ ಖರ್ಚು ಅಳೆಯುವವರು ಪ್ರತಿ ಸಲ ಮೋಸ ಹೋಗುತ್ತಾರೆ. ನಾವೂ ಕರಾರು ಬರೆಯುವಾಗ ಹಾಗೇ ಮೋಸ ಹೋದೆವು.

ಇನ್ನು ನಮ್ಮ ಊರಿನದೇ ಕೆಲವು ಖರ್ಚುಗಳಿವೆ. ಇಲ್ಲಿನ ಬೋರ್ ನೀರು ಸುಣ್ಣದ ನೀರು. ಬಾಯ್ಲರ್ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಮನೆಯಲ್ಲಿ ನೋಡಿದ್ದೀರಿ. ಅದೇ ಪದರ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಬಾಟಲಿಯಿಂದ ಬೋರ್ ನೀರು ಸುರಿದು ಸುರಿದು ಏಪ್ರಿಲ್‌ನಲ್ಲಿ "ಗಾಡಿ ಕುದೀಲಾಕತ್ತದ" ಎಂದು ತರುತ್ತೀರಿ. ಡಿಸ್ಟಿಲ್ಡ್ ವಾಟರ್, ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ. ಬ್ಯಾಟರಿಗೆ ತರುವ ಕ್ಯಾನೇ ಆದೀತು. ಇಲ್ಲಿ ಮೇ ತಿಂಗಳ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಅಂಥ ಮಧ್ಯಾಹ್ನ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಕಾರ್ಬೊರೇಟರ್ ಬಿಚ್ಚಲು ಹೋಗಬೇಡಿ. ಎಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬಾನೆಟ್ ತೆಗೆದಿಟ್ಟು, ಮರದ ನೆರಳಿನಲ್ಲಿ ಒಂದು ಚಹಾ ಕುಡಿಯಿರಿ. ಬೇಸಿಗೆಯಲ್ಲಿ ಬರುವ ಪೆಟ್ರೋಲ್ ದೂರುಗಳಲ್ಲಿ ಅರ್ಧಕ್ಕರ್ಧ ಚಹಾದಲ್ಲೇ ವಾಸಿಯಾಗುವಂಥವು. ಅದಕ್ಕೆ ನಮಗೆ ಗಂಟೆಯ ಕೂಲಿ ಕೊಡಬೇಡಿ.

ತುಕ್ಕಿನ ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರು, ಮುಂಬೈ ಕಡೆಯ ಗಾಡಿಗಳಂತೆ ನಮ್ಮವು ಉಪ್ಪುಗಾಳಿಗೆ ಕೊಳೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ತೊಗರಿ ಹೊಲಕ್ಕೆ ಹೋಗಿ ಬಂದ ಮೇಲೆ ಮಡ್‌ಗಾರ್ಡ್ ಒಳಗೆ ಅಂಟಿದ ಎರೆಮಣ್ಣನ್ನು ಯಾರೂ ತೊಳೆಯುವುದಿಲ್ಲ. ಅದು ವಾರಗಟ್ಟಲೆ ಹಸಿ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಮೇಲೆ ಫಳಫಳ ಪಾಲಿಶ್, ಕೆಳಗೆ ತೂತು. ಟಿಂಕರ್ (ತಗಡಿನ) ಕೆಲಸಕ್ಕೆ ಬೀಳುವ ರೊಕ್ಕದ ಮುಂದೆ ಎಂಜಿನ್ ಕೆಲಸ ಏನೂ ಅಲ್ಲ.

ಪೆಟ್ರೋಲಿನ ಮಾತು. ಈ ಗಾಡಿಗಳು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. ಆ ಪೆಟ್ರೋಲ್ ನಮ್ಮ ದೇಶದಲ್ಲಿ 2000ರ ಫೆಬ್ರುವರಿಯಲ್ಲಿ ನಿಂತಿತು. ಅಂಬಾಸಿಡರ್ ಹೆಡ್ ಬೀಡುಕಬ್ಬಿಣದ್ದು, ವಾಲ್ವ್ ಕೂರುವ ಜಾಗ ಆ ಬೀಡಿನಲ್ಲೇ ಕೊರೆದದ್ದು. ಸೀಸ ಇಲ್ಲದೆ ಜೋರಾಗಿ ಓಡಿಸಿದರೆ ಆ ಜಾಗ ಸವೆದು, ಟ್ಯಾಪೆಟ್ ಸಂದು ಕಡಿಮೆಯಾಗುತ್ತ ಹೋಗುತ್ತದೆ. ಈಗ ಎಥನಾಲ್ ಬಂದಿದೆ, 2025ರಲ್ಲಿ 20 ಪ್ರತಿಶತ ಮುಟ್ಟಿತು. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಾಮು, ಬಿರಡೆಯ (ಕಾರ್ಕಿನ) ಗ್ಯಾಸ್ಕೆಟ್ಟು ಇದಕ್ಕಾಗಿ ಮಾಡಿದವಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಗಾಡಿಯನ್ನು ಶೆಡ್ಡಿನಲ್ಲಿ ಮೂರು ತಿಂಗಳು ನಿಲ್ಲಿಸಿ, ಮದುವೆ ದಿನ ಬೆಳಗ್ಗೆ ಚಾಲೂ ಆಗಲಿಲ್ಲ ಎಂದು ಫೋನ್ ಮಾಡುವವರು ಇದನ್ನು ನೆನಪಿಡಬೇಕು. ವಾರಕ್ಕೊಮ್ಮೆ ರಿಂಗ್ ರೋಡ್ ಒಂದು ಸುತ್ತು ಹಾಕಿಸಿ ತನ್ನಿ. ನಿಂತ ಗಾಡಿಗೇ ಹೆಚ್ಚು ಖರ್ಚು. ರಿಜಿಸ್ಟರ್ ನೋಡಿದ ಮೇಲೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ. 11 ಗಂಟೆಯ ಆ ಪದ್ಮಿನಿ ದಿನಾ ಓಡುವ ಗಾಡಿ.

ಈಗ ಭಾನುವಾರದ ವಿಷಯ.

ನಿಮ್ಮಲ್ಲಿ ಕೆಲವರಿಗೆ ಕೈಗೆ ಗ್ರೀಸ್ ಹಚ್ಚಿಕೊಳ್ಳುವ ಆಸೆ ಇದೆ. ಇದು ರೊಕ್ಕ ಉಳಿಸುವ ಆಸೆ ಅಷ್ಟೇ ಅಲ್ಲ ಎಂಬುದೂ ನಮಗೆ ಗೊತ್ತು. ಪ್ಲಗ್, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್, ಆಯಿಲ್, ಗ್ರೀಸ್, ಫ್ಯಾನ್ ಬೆಲ್ಟ್, ಟ್ಯಾಪೆಟ್, ಇವನ್ನು ತಾಳ್ಮೆ ಇರುವ ಯಾರೂ ಕಲಿಯಬಹುದು. ಅಂಬಾಸಿಡರಿನ ಪಾಯಿಂಟ್ ಸಂದು 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು), ಸುಮಾರು 0.38 ಮಿಲಿಮೀಟರ್. ಸಂದು ಅಳೆಯುವ ಫೀಲರ್ ಗೇಜ್ ಎಲೆ ಸಣ್ಣಗೆ ತಡೆದು ಜಾರಬೇಕು, ಅಷ್ಟೇ. ಮುಂದಿನ ಚಕ್ರದ ಹತ್ತಿರದ ಗ್ರೀಸ್ ನಿಪ್ಪಲ್‌ಗಳನ್ನು ನೀವೇ ನೋಡಿಕೊಂಡರೆ ಸ್ಟಿಯರಿಂಗ್ ಸಾಮಾನು ವರ್ಷಗಟ್ಟಲೆ ಬಾಳುತ್ತದೆ. ನಾವು ಬರೆಯುವ ಗಂಟೆಗಳಲ್ಲಿ ಮೂರರಲ್ಲೊಂದು ಪಾಲು ಇಂಥ ಕೆಲಸಕ್ಕೇ ಹೋಗುತ್ತದೆ. ಇವನ್ನು ನೀವು ಮಾಡಿದರೆ ನಮಗೆ ಬೇಸರವಿಲ್ಲ, ಚಾಚಾಗೆ ಖುಷಿಯೇ.

ಪಾನಾ ಮಾತ್ರ ಮನೆಯಿಂದ ತರಬೇಡಿ. ಅಂಬಾಸಿಡರ್ ಇಂಚಿನ ಗಾಡಿ, ಪದ್ಮಿನಿ ಮಿಲಿಮೀಟರಿನದು. ಬೋಲ್ಟಿನ ತಲೆ ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಮನೆಯ 13 ನಂಬರ್ ಪಾನಾ ಅದಕ್ಕೆ ಕೂತ ಹಾಗೇ ಕಾಣುತ್ತದೆ, ತಿರುಗಿದ ಹಾಗೂ ಅನ್ನಿಸುತ್ತದೆ. ಆಮೇಲೆ ನೋಡಿದರೆ ಬೋಲ್ಟಿನ ತಲೆ ಲಾಡು ಉಂಡೆ. ಅದನ್ನು ಕಡಿದು ತೆಗೆಯುವ ಕೂಲಿ ನಮಗೆ. ಈ ಗ್ಯಾರೇಜಿನ ಅರ್ಧ ಆದಾಯ 13 ನಂಬರ್ ಪಾನಾದ್ದು ಎಂದು ಚಾಚಾ ನಗುತ್ತಾರೆ.

ಬ್ರೇಕ್ ಕೆಲಸಕ್ಕೆ ಚಾಚಾ ಪಕ್ಕದಲ್ಲಿ ನಿಂತಿರಲೇಬೇಕು. ಇದರಲ್ಲಿ ಚೌಕಾಶಿ ಇಲ್ಲ. ಕರಾರಿಗೆ ಸೇರದ ನಮ್ಮ ಹಳೆಯ ಗಿರಾಕಿಯೊಬ್ಬರು, ನಿವೃತ್ತ ಮೇಷ್ಟ್ರು, ಮನೆಯಲ್ಲೇ ವೀಲ್ ಸಿಲಿಂಡರ್ ಕಿಟ್ (ಚಕ್ರದ ಬ್ರೇಕಿನ ರಬ್ಬರುಗಳು) ಹಾಕಿಕೊಂಡರು. ಕೆಲಸ ಅಚ್ಚುಕಟ್ಟಾಗೇ ಮಾಡಿದ್ದರು. ಕಡೆಯಲ್ಲಿ ಬ್ರೇಕ್ ಆಯಿಲ್ ಸಾಲದೆ ಬಂದಾಗ, ಆಯಿಲ್ ಆಯಿಲೇ ಅಲ್ಲವೇ ಎಂದು ಉಳಿದಿದ್ದ ಎಂಜಿನ್ ಆಯಿಲನ್ನು ಒಂದು ಬಟ್ಟಲು ಸುರಿದರು. ಎರಡು ದಿನಕ್ಕೆ ರಬ್ಬರುಗಳೆಲ್ಲ ಉಬ್ಬಿ, ಬ್ರೇಕ್ ಹಿಡಿದದ್ದು ಬಿಡಲೇ ಇಲ್ಲ. ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ಕಿಟ್, ಹೋಸ್ ಪೈಪು ಎಲ್ಲ ಹೊಸದು ಹಾಕಿ, ಲೈನ್ ತೊಳೆಯಬೇಕಾಯಿತು. ನಾಲ್ಕು ಗಂಟೆಯ ಕೂಲಿ ಉಳಿಸಲು ಹೋಗಿ ಹದಿನಾಲ್ಕು ಗಂಟೆಯದು ಕೊಟ್ಟರು. ಅವರ ಒಪ್ಪಿಗೆ ತಗೊಂಡೇ ಇದನ್ನು ಬರೆದಿದ್ದೇನೆ. "ಬರೀರಿ, ಮತ್ತೊಬ್ಬ ಮಾಸ್ತರ ಉಳೀಲಿ" ಅಂದರು. ಬ್ರೇಕ್ ಹಿಡಿದುಕೊಂಡು ಗಾಡಿ ನಿಂತಿತು, ಅದು ನಮ್ಮ ಅದೃಷ್ಟ. ಹಿಡಿಯದೆ ಹೋಗಿದ್ದರೆ ಈ ಕಥೆ ನಗುವಂಥದ್ದಾಗಿರುತ್ತಿರಲಿಲ್ಲ. ಇನ್ನೊಂದು, ಹಳೆ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಈ ಮಾತನ್ನು ಚಾಚಾಗೆ ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು.

ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಯಾರೂ ಮಲಗುವಂತಿಲ್ಲ. ಗಾಡಿ ಎತ್ತಿದರೆ ಸ್ಟ್ಯಾಂಡ್ ಇಡಲೇಬೇಕು. ಮನೆಯಲ್ಲಿ ಮಾಡುವವರು ಶಹಾಬಾದ್ ಕಲ್ಲನ್ನು ಒಂದರ ಮೇಲೊಂದು ಪೇರಿಸಿ ಆಕ್ಸಲ್ ಕೆಳಗೆ ಇಡುವುದನ್ನು ಕಣ್ಣಾರೆ ಕಂಡಿದ್ದೇವೆ. ಅದು ಪದರ ಪದರದ ಕಲ್ಲು. ಅಂಗಳಕ್ಕೆ ಹಾಸಲು ಚೆಂದ, ಒಂದೇ ಕಡೆ ಭಾರ ಬಿದ್ದರೆ ಬಿರಿಯುತ್ತದೆ. ದಯವಿಟ್ಟು ಬೇಡ.

ಕುಳಿಯ ಬಾಡಿಗೆ ಅರ್ಧ ದಿನಕ್ಕೆ 500 ರೂಪಾಯಿ, ಪಾನಾ ಸೇರಿ. ಬೆಳಗ್ಗೆ 7ರಿಂದ 12ರ ತನಕ. ಏಪ್ರಿಲ್, ಮೇನಲ್ಲಿ 6ರಿಂದ 11. ತಗಡಿನ ಕೆಳಗೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ, ನಿಮಗೆ ನಂಬಿಕೆ ಇಲ್ಲದಿದ್ದರೆ ಒಮ್ಮೆ ನಿಂತು ನೋಡಿ. ಚಾಚಾರನ್ನು ಕರೆದು ಕೇಳಿದರೆ ಮೊದಲ ಅರ್ಧ ಗಂಟೆ ಬಿಟ್ಟಿ, ಆಮೇಲೆ ಗಂಟೆಯ ಲೆಕ್ಕ. ಐದು ಗಂಟೆಯಲ್ಲಿ ಮುಗಿಯದ ಕೆಲಸ ಹಿಡಿಯಬೇಡಿ. ಅರ್ಧ ಬಿಚ್ಚಿದ ಗಾಡಿಯನ್ನು ಸೋಮವಾರ ನಮ್ಮ ಕುಳಿಯ ಮೇಲೆ ಬಿಟ್ಟು ಹೋದರೆ ಅದನ್ನು ಕೂಡಿಸುವುದು ನಮ್ಮ ದರದಲ್ಲಿ. ಮೊದಲ ಸಲ ಬರುವವರಿಗೆ ಒಂದು ಅಂದಾಜು: ಚಾಚಾ ಒಂದು ಗಂಟೆಯಲ್ಲಿ ಮಾಡುವುದಕ್ಕೆ ನಿಮಗೆ ಮೂರು ಗಂಟೆ ಬೇಕು, ಜೊತೆಗೆ ಹಳೆಯದೊಂದು ಅಂಗಿ. ಮನೆಯವರಿಗೆ ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಎಂದು ಮಾತು ಕೊಡಬೇಡಿ.

ಇಗ್ನಿಷನ್ನಿಗೆ ಹೊಸ ಕಂಡೆನ್ಸರ್, ರೋಟರ್ ಹಾಕಿದವರು ಹಳೆಯದನ್ನು ಬಿಸಾಡದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಈಗ ಬರುವ ಹೊಸದು ಯಾವಾಗ ಕೈಕೊಡುತ್ತದೋ ಹೇಳಲಾಗದು.

ಆರ್‌ಟಿಒ ಕಾಗದದ ಕೆಲಸವನ್ನು ಇನ್ನು ನಾವು ಮಾಡುವುದಿಲ್ಲ, ಅಲ್ಲಿ ಹೋಗುವ ದಿನಗಳಿಗೆ ಲೆಕ್ಕವೇ ಇಲ್ಲ. ಆದರೆ ನಿಮ್ಮ ಖರ್ಚಿನ ಪಟ್ಟಿಯಲ್ಲಿ ಅದನ್ನು ಬರೆದುಕೊಳ್ಳಿ. 15 ವರ್ಷ ದಾಟಿದ ಸ್ವಂತ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 600 ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ 'ವಿಎ' ಎಂದು ಬರುತ್ತದೆ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೆ ಒಯ್ಯುವವರು ಆ ದಾರಿಗೆ ಹೋಗಬೇಡಿ.

ದಸರಾದ ತನಕ ಹಳೆ ಕರಾರು ಹಾಗೇ ನಡೆಯುತ್ತದೆ. ವರ್ಷದ ನಡುವೆ ಸೇರಿಕೊಂಡ ಮೂವರಿಗೆ ದಸರಾದ ಆಚೆ ಉಳಿಯುವ ತಿಂಗಳುಗಳ ರೊಕ್ಕವನ್ನು ಲೆಕ್ಕ ಹಾಕಿ ವಾಪಸ್ ಕೊಡುತ್ತೇವೆ, ಕವರಿನ ಮೇಲೆ ಹೆಸರು ಬರೆದಿಟ್ಟಿದೆ. ಹೊಸ ಬಿಲ್ಲಿನ ಜೊತೆ ರಿಜಿಸ್ಟರಿನ ಹಾಳೆಯ ನಕಲನ್ನೂ ಕೊಡುತ್ತೇವೆ. ಎಷ್ಟು ಗಂಟೆ, ಯಾವುದಕ್ಕೆ, ಏನು ಮುರಿಯಿತು, ಯಾರ ತಪ್ಪಿನಿಂದ, ಎಲ್ಲ ಅದರಲ್ಲಿರುತ್ತದೆ. ತಪ್ಪು ನಮ್ಮದಾದರೆ ಆ ಗಂಟೆಗೆ ಕೂಲಿ ಇಲ್ಲ. ಆಯುಧ ಪೂಜೆಗೆ ಗಾಡಿ ತೊಳೆದು ಕೊಡುವುದು, ನಿಂಬೆಹಣ್ಣು, ಪೇಢಾ ಎಲ್ಲ ಮೊದಲಿನಂತೆ, ಅದಕ್ಕೆ ಬಿಲ್ ಇಲ್ಲ.

ಭಾನುವಾರ ಬರುವವರು ಶನಿವಾರ ಸಂಜೆಯೊಳಗೆ ಹೆಸರು, ಗಾಡಿ, ಮಾಡುವ ಕೆಲಸ ಹೇಳಿ ಬರೆಸಿ. ಕುಳಿ ಒಂದೇ ಇದೆ. ಮೊದಲ ಭಾನುವಾರವನ್ನು ಮೇಷ್ಟ್ರು ಆಗಲೇ ಹಿಡಿದಿಟ್ಟಿದ್ದಾರೆ.

ನಿಮ್ಮ ಗ್ಯಾರೇಜಿನವರು,
ಕಲಬುರಗಿ